ಹುಡುಗನ ದೀನ್ (ಧರ್ಮನಿಷ್ಠೆ) ನೋಡ್ರಿ ಅಂತಾರ, ಎಲ್ಲಿ ನೋಡಬೇಕು?

ಗದಗ_ಕುರ್ಲಾ

ಎಲ್ಲಾರಿಗೂ ಸಲಾಂ, ನಮಸ್ಕಾರ. ನಮ್ಮದು ಮೂಲ ಗದಗ ಕಡೆ, ಪಿಂಜಾರ ಮನೆತನ, ಮನ್ಯಾಗ ಮಾತು ಕನ್ನಡನ. ಮುಂಬಯಿಯ ಕುರ್ಲಾದಾಗ ಟೇಲರಿಂಗ್ ಅಂಗಡಿ ಐತಿ. ಮಗಳು ಬಿ.ಕಾಂ. ಮುಗಿಸಿ ಅಕೌಂಟ್ಸ್ ಕೆಲಸಕ್ಕ ಹೋಗ್ತಾಳ. ಆಕಿಗೆ ಎರಡು ಕಡೆಯಿಂದ ಸಂಬಂಧ ಬಂದಾವ.

ಒಬ್ಬ ಮುಂಬ್ರಾದವ, ಸಣ್ಣದೊಂದು ಕಾರ್ಖಾನಿ ಐತಿ. ಉದ್ದ ಗಡ್ಡ, ಪಾದದ ಮ್ಯಾಲ ಎತ್ತಿದ ಪೈಜಾಮ, ಹಣಿ ಮ್ಯಾಲ ನಮಾಜಿನ ಗುರ್ತು. "ಹುಡುಗ ಪಕ್ಕಾ ದೀನ್‌ದಾರ, ಇನ್ನೇನು ನೋಡ್ತೀರಿ" ಅಂತ ಜಮಾತಿನ ಹಿರೇರು ಅಂತಾರ. ಇನ್ನೊಬ್ಬ ಗೋವಂಡಿಯವ, ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಕೆಲಸ. ಗಡ್ಡ ಬೋಳಿಸ್ತಾನ, ಶುಕ್ರವಾರ ಬಿಟ್ರ ಮಸೀದಿ ಕಡೆ ಕಾಣೂದಿಲ್ಲ ಅಂತ ಮಂದಿ ಮಾತು. "ದೀನ್ ಇಲ್ಲದ ಮನಿಗೆ ಹೆಣ್ಣು ಕೊಡಬ್ಯಾಡ" ಅಂತ ನಮ್ಮಣ್ಣ ಹಟಾ ಹಿಡದಾನ.

ಮಗಳನ್ನ ಕೇಳಿದೆ. "ಅಬ್ಬಾ, ಇಬ್ಬರದೂ ನಿಮಗ ಹೊರಗಿಂದಷ್ಟ ಗೊತ್ತೈತಿ" ಅಂದ್ಲು. ನಾ ಸುಮ್ಮನಾದೆ. ತಿಳಿದವರು ಹೇಳ್ರಿ, ಮದುವಿ ವಿಚಾರಣಿಗೆ ಹೋದಾಗ ಯಾರನ್ನ ಕೇಳಬೇಕು, ಏನ್ ಕೇಳಬೇಕು?

ಮೀರಾರೋಡ್_ಭಾಯ್

ವ ಅಲೈಕುಂ ಸಲಾಂ ಕಾಕಾ. ಗಡ್ಡವನ್ನ ಹಗುರವಾಗಿ ನೋಡಬೇಡಿ ಅಂತ ಮೊದಲೇ ಕೇಳಿಕೊಳ್ತೀನಿ. ಮೀಸೆ ಕತ್ತರಿಸಿ ಗಡ್ಡ ಬಿಡಿ ಅನ್ನೋ ಹದೀಸ್ (ಪ್ರವಾದಿಯವರ ಮಾತಿನ ವರದಿ) ಬುಖಾರಿ, ಮುಸ್ಲಿಂ ಅನ್ನೋ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಈ ಊರಲ್ಲಿ ಗಡ್ಡ-ಟೋಪಿ ಇಟ್ಟುಕೊಂಡು ಕೆಲಸದ ಸಂದರ್ಶನಕ್ಕೆ ಹೋಗೋದು, ಬಾಡಿಗೆ ಮನೆ ಹುಡುಕೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಫೋನಲ್ಲಿ "ಬನ್ನಿ, ಮನೆ ಖಾಲಿ ಇದೆ" ಅಂದ ಏಜೆಂಟ್, ಮುಖ ನೋಡಿದ ಮೇಲೆ "ಈಗಷ್ಟೇ ಹೋಯ್ತು" ಅಂದದ್ದು ನನಗೇ ಆಗಿದೆ. ಇಷ್ಟಾದರೂ ಬಿಡದವನ ಒಳಗೆ ಏನೋ ಗಟ್ಟಿಯಾದದ್ದು ಇರಲೇಬೇಕು.

ಇನ್ನೊಂದು ಮಾತು. "ಮನಸ್ಸು ಶುದ್ಧ ಇದ್ರೆ ಸಾಕು" ಅನ್ನೋರಲ್ಲಿ ಫಜರ್‌ಗೆ, ಅಂದ್ರೆ ಬೆಳಗಿನ ಜಾವದ ನಮಾಜಿಗೆ, ಏಳೋರು ಎಷ್ಟು ಜನ? ಹೃದಯದ ಹೆಸರು ಹೇಳಿ ನಮಾಜ್ ಬಿಡೋದು ಈಗ ರೂಢಿಯಾಗಿಬಿಟ್ಟಿದೆ. ಹುಡುಗಿ ಕೊಡೋ ಮುಂಚೆ ನಮಾಜಿನ ಬಗ್ಗೆ ಕೇಳೋದು ತಂದೆಯ ಕರ್ತವ್ಯ.

ಉಳ್ಳಾಲ_ಜೋಗೇಶ್ವರಿ

ಗದಗದ ಹಿರಿಯರೇ, ನಿಮ್ಮ ಮಗಳು ಕೇಳಿದ್ದನ್ನೇ ಎರಡನೇ ಖಲೀಫ ಉಮರ್ (ರ) ಬಹಳ ಹಿಂದೆ ಕೇಳಿದ್ದರು. ಒಬ್ಬಾತ ಸಾಕ್ಷಿ ನುಡಿಯಲು ಬಂದಿದ್ದ. "ನಿನ್ನ ಪರಿಚಯ ನನಗಿಲ್ಲ, ನಿನ್ನನ್ನು ಬಲ್ಲವರನ್ನು ಕರೆದುಕೊಂಡು ಬಾ" ಎಂದರು ಖಲೀಫರು. ಅಲ್ಲಿದ್ದ ಇನ್ನೊಬ್ಬ "ನಾನು ಬಲ್ಲೆ, ಒಳ್ಳೆಯವನು" ಎಂದ. ಉಮರ್ ವಿಚಾರಿಸತೊಡಗಿದರು. ನೀನು ಅವನ ಪಕ್ಕದ ಮನೆಯವನೇ, ಅವನ ಹಗಲು-ರಾತ್ರಿ ಕಂಡಿದ್ದೀಯಾ? ಇಲ್ಲ. ಅವನೊಂದಿಗೆ ಹಣದ ವ್ಯವಹಾರ ಮಾಡಿದ್ದೀಯಾ? ಇಲ್ಲ. ಜೊತೆಯಲ್ಲಿ ಪ್ರಯಾಣ? ಅದೂ ಇಲ್ಲ. "ಹಾಗಾದರೆ ನಿನಗೆ ಅವನು ಗೊತ್ತೇ ಇಲ್ಲ" ಎಂದುಬಿಟ್ಟರು. ಈ ವರದಿ ಬೈಹಕಿಯವರ ಹದೀಸ್ ಸಂಗ್ರಹದಲ್ಲಿದೆ. ಇದೇ ಘಟನೆಯನ್ನು ಹೇಳುವಾಗ, ಬಹುಶಃ ಅವನು ಮಸೀದಿಯಲ್ಲಿ ತಲೆ ಬಾಗಿಸಿ ಎತ್ತುವುದನ್ನು ಮಾತ್ರ ನೀನು ನೋಡಿರಬೇಕು ಎಂಬ ಮಾತನ್ನೂ ಸೇರಿಸಿ ಹೇಳುವುದುಂಟು.

ಉಮರ್ ಅವರೇನು ನಮಾಜನ್ನು ಕಡೆಗಣಿಸಿದವರಲ್ಲ. ಇರಿತಕ್ಕೆ ಒಳಗಾದದ್ದೇ ಫಜರ್ ನಮಾಜಿಗೆ ನಿಂತಿದ್ದಾಗ. ಅಂಥವರು ಮನುಷ್ಯನನ್ನು ಅಳೆಯಲು ಹೊರಟಾಗ ನೆರೆಮನೆ, ದುಡ್ಡು, ಪ್ರಯಾಣ ಈ ಮೂರನ್ನು ಕೇಳಿದರು. ನನ್ನ ದೃಷ್ಟಿಯಲ್ಲಿ ನಿಮ್ಮ ವಿಚಾರಣೆಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಈ ಮೂರೂ ಕಡೆ ಮನುಷ್ಯ ತನ್ನನ್ನು ಬಹಳ ಹೊತ್ತು ಮುಚ್ಚಿಟ್ಟುಕೊಳ್ಳಲಾರ. ಹುಡುಗ ಬಾಡಿಗೆ ಕಟ್ಟುವ ರೀತಿ, ಕೆಲಸದವರಿಗೆ ಪಗಾರ ಕೊಡುವ ದಿನ, ಸಿಟ್ಟು ಬಂದಾಗ ತಾಯಿಯ ಜೊತೆ ಆಡುವ ಮಾತು. ಪಗಾರದ ಬಗ್ಗೆ ಪ್ರವಾದಿಯವರ (ಸ) ಮಾತು ನಮಗೆಲ್ಲ ಗೊತ್ತು, ಬೆವರು ಆರುವ ಮೊದಲೇ ಕೂಲಿ ಕೊಡಿ.

ಮೀರಾ ರೋಡಿನ ಸಹೋದರರೇ, ದೀನ್ ನೋಡಿ ಮದುವೆ ಮಾಡಿ ಎನ್ನುವಾಗ ನಾವೆಲ್ಲ ತಿರ್ಮಿದಿ ಸಂಗ್ರಹದ ಒಂದು ಹದೀಸ್ ನೆನಪಿಸುತ್ತೇವೆ. ಆದರೆ ಅಲ್ಲಿರುವುದು "ಯಾರ ದೀನ್ ಮತ್ತು ನಡತೆ ನಿಮಗೆ ಒಪ್ಪಿಗೆಯಾಗುತ್ತದೋ ಅವನಿಗೆ ಮದುವೆ ಮಾಡಿಕೊಡಿ" ಎಂದು. ನಡತೆಯ ಭಾಗ ನಮ್ಮ ಜಮಾತುಗಳಲ್ಲಿ ಎಲ್ಲಿ ಬಿದ್ದುಹೋಯಿತು? ಯಾರಾದರೂ "ಹುಡುಗ ಐದು ಹೊತ್ತಿನವನು" ಎಂದರೆ ಸಾಕು, ನಡತೆಯ ಪ್ರಶ್ನೆ ಕೇಳುವುದೇ ಅವಮಾನ ಎನ್ನುವ ಹಾಗೆ ಎಲ್ಲರೂ ಸುಮ್ಮನಾಗುತ್ತಾರೆ. ಮೌನವಾಗಿ ಒಪ್ಪಿಕೊಂಡ ಈ ಪದ್ಧತಿಯಿಂದ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳಾಗಿದೆ ಎಂದು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮುಂಬ್ರಾ_ಇಳಕಲ್

ಕಾಕಾ, ನಾ ಬಾಗಲಕೋಟಿ ಕಡೆಯಾಕಿ, ಮುಂಬ್ರಾದಾಗ ಇರ್ತೀನಿ. ಜೋಗೇಶ್ವರಿ ಅಣ್ಣಾರು ಹೇಳಿದ ಹೆಣ್ಣುಮಕ್ಕಳ ಪೈಕಿ ನಾನೂ ಒಬ್ಬಾಕಿ, ಅದಕ್ಕ ಬರೀತೀನಿ.

ನನ್ನ ಮದುವಿ ಹೊತ್ತಿನ್ಯಾಗ ನಮ್ಮಪ್ಪಗ ಹೇಳಿದ್ದೂ ಇದನ್ನ, "ಮನಿ ಮಂದಿಯೆಲ್ಲ ನಮಾಜಿ, ಮಾವ ಹಜ್ ಮಾಡಿ ಬಂದವ್ರು." ಅಪ್ಪ ಕೈ ಮುಗಿದು ಒಪ್ಪಿದ್ರು. ಆಮ್ಯಾಲ ಕೇಳಿದ್ದು ಗಾಡಿ, ಫ್ರಿಜ್, ಕಪಾಟು. "ನಾವೇನೂ ಕೇಳಂಗಿಲ್ಲ, ನಿಮ್ಮ ಖುಷಿಲೆ ಕೊಡ್ರಿ" ಅನ್ನೂ ದನಿಯಾಗ ಕೇಳಿದ್ರು. ಅಪ್ಪ ಹೊಲದ ಮ್ಯಾಲ ಸಾಲ ತಗದ್ರು. ಗಂಡ ಹೆಂಡ್ತಿಗೆ ಕೊಡಬೇಕಾದ ಮಹರ್ ಮಾತ್ರ ಕಾಗದದಾಗ ಉಳೀತು, ಇವತ್ತಿಗೂ ನನ್ನ ಕೈಗೆ ಬಂದಿಲ್ಲ. ಕುರ್‌ಆನಿನ ನಾಲ್ಕನೇ ಸೂರಾ (ಅಧ್ಯಾಯ), ನಾಲ್ಕನೇ ಆಯತ್ (ವಚನ): ಹೆಣ್ಣುಮಕ್ಕಳಿಗೆ ಅವರ ಮಹರ್ ಮನಸ್ಸು ತುಂಬಿ ಕೊಡ್ರಿ. ದಿನಾ ಓದಿದ ಮನ್ಯಾಗ ಈ ಆಯತ್ ಯಾರ ಕಣ್ಣಿಗೂ ಬೀಳಲಿಲ್ಲ.

ಅದಕ್ಕ ನೀವು ಇದನ್ನ ಕೇಳಲೇಬೇಕು. ಆ ಮನಿಗೆ ಬಂದ ಹಿರಿ ಸೊಸಿಗೆ ಮಹರ್ ಕೊಟ್ಟಾರೇನು? ಆ ಮನಿಯಿಂದ ಹೋದ ಹೆಣ್ಣುಮಕ್ಕಳಿಗೆ ತಂದಿ ಆಸ್ತಿಯಾಗ ಪಾಲು ಕೊಟ್ಟಾರೇನು? ನಮ್ಮ ಕಡೆ ಏನಾಗ್ತದ ಅಂತ ನಿಮಗೂ ಗೊತ್ತು. ಅಪ್ಪ ಹೋದ ನಲವತ್ತು ದಿನ ಆಗೂದರಾಗ ಅಕ್ಕ-ತಂಗೇರನ್ನ ಕರಿಸಿ, ಸೀರಿ ಉಡಿಸಿ, ಹಕ್ಕು ಬಿಟ್ಟ ಕಾಗದಕ್ಕ ಹೆಬ್ಬಟ್ಟು ಒತ್ತಿಸ್ತಾರ. "ತವರ ಮನಿ ಬಾಗಲಾ ತೆರದಿರಬೇಕಂದ್ರ ಸಹಿ ಮಾಡವ್ವ" ಅಂತಾರ. ಹಂಗ ಸಹಿ ಮಾಡಿಸಿದವರ ಪೈಕಿ ಹಾಜಿಗಳದಾರ, ಮಸೀದಿ ಕಮಿಟಿಯವರದಾರ. ಮಗನ ಪಾಲಿನ ಅರ್ಧ ಮಗಳಿಗೆ ಅಂತ ಅದ ನಾಲ್ಕನೇ ಸೂರಾದ ಹನ್ನೊಂದನೇ ಆಯತಿನ್ಯಾಗ ಹೆಸರಿಟ್ಟು ಹೇಳೈತಿ. ನಮಾಜಿನ ರಕಾತ್ (ಸುತ್ತು) ಎಷ್ಟು ಅಂತ ಕುರ್‌ಆನಿನ್ಯಾಗ ಎಣಿಸಿ ಹೇಳಿಲ್ಲ. ಹೆಣ್ಣಿನ ಪಾಲು ಎಣಿಸಿ ಹೇಳೈತಿ.

ಕೊಂಢ್ವಾ_ಪುಣೆ

ಅಕ್ಕಾವ್ರು ಬರೆದ ಕೊನೇ ಎರಡು ಸಾಲು ಓದಿ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ. ಪಾಲಿನ ವಿಷಯದಲ್ಲಿ ಒಂದು ಮಾತು ಸೇರಿಸ್ತೀನಿ. 1937ರ ಶರೀಅತ್ ಅನ್ವಯ ಕಾಯ್ದೆಯ ಮೂಲ ಪಠ್ಯ ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಹೊಲದ ಪಾಲು ಕೇಳುವ ಹೆಣ್ಣುಮಕ್ಕಳಿಗೆ ಅದನ್ನೇ ತೋರಿಸಿ ಬಾಯಿ ಮುಚ್ಚಿಸೋರು ಇದ್ದಾರೆ. ಕಾಯ್ದೆ ಹೊರಗಿಟ್ಟಿರಬಹುದು, ಆಯತ್ ಹೊಲ ಬೇರೆ ಮನೆ ಬೇರೆ ಅಂತ ಎಲ್ಲೂ ಹೇಳಿಲ್ಲ.

ಡೊಂಬಿವಲಿ_ಓದುಗ

ನಾನು ಮುಸ್ಲಿಮನಲ್ಲ, ಧಾರವಾಡದವನು, ತಿಳಿದುಕೊಳ್ಳುವ ಆಸೆಯಿಂದ ಕೇಳುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಒಳಗಿನದೇ ಮುಖ್ಯ ಎಂದಾದರೆ ಐದು ಹೊತ್ತು ಎಲ್ಲರೂ ಸೇರಿ, ಸಾಲಾಗಿ ನಿಂತು, ಎಲ್ಲರಿಗೂ ಕಾಣುವ ಹಾಗೆ ಪ್ರಾರ್ಥಿಸುವುದು ಯಾಕೆ? ಮನೆಯಲ್ಲಿ ಒಬ್ಬರೇ ಮಾಡಿದರೆ ತೋರಿಕೆಯ ಭಯವೇ ಇರುವುದಿಲ್ಲವಲ್ಲ?

ಉಳ್ಳಾಲ_ಜೋಗೇಶ್ವರಿ

ತಪ್ಪು ತಿಳಿಯುವ ಮಾತೇ ಇಲ್ಲ ಸರ್. ನಮ್ಮ ಹಿಂದಿನವರೂ ಈ ಪ್ರಶ್ನೆಯ ಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ.

ಇಸ್ಲಾಂ ಎರಡಕ್ಕೂ ಜಾಗ ಮಾಡಿದೆ. ಕಡ್ಡಾಯ ನಮಾಜ್ ಜಮಾತಿನಲ್ಲಿ, ಅಂದರೆ ಎಲ್ಲರೂ ಸೇರಿ ಮಾಡಿದರೆ, ಒಂಟಿಯಾಗಿ ಮಾಡಿದ್ದಕ್ಕಿಂತ 27 ಪಟ್ಟು ಶ್ರೇಷ್ಠ ಎಂಬ ಹದೀಸ್ ಇದೆ. ಅಲ್ಲಿ ಸೇಠ್ ಮತ್ತು ಹಮಾಲ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ, ಹಾಗೆ ನಿಲ್ಲುವುದು ಕಾಣಲೇಬೇಕು. ಆದರೆ ಕಡ್ಡಾಯವಲ್ಲದ ನಮಾಜನ್ನು ಮನೆಯಲ್ಲಿ ಮಾಡುವುದೇ ಒಳ್ಳೆಯದು ಎಂದೂ ಪ್ರವಾದಿಯವರು (ಸ) ಹೇಳಿದರು. ಎಲ್ಲರೂ ಮಾಡಲೇಬೇಕಾದದ್ದನ್ನು ಎಲ್ಲರೆದುರು ಮಾಡಿದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಹೆಚ್ಚಾಗಿ ಮಾಡುವುದನ್ನು ಮನೆಯ ಬಾಗಿಲ ಒಳಗೆ ಇಟ್ಟುಕೊಳ್ಳಬೇಕು. ಉಪವಾಸವಂತೂ ಪೂರ್ತಿ ಒಳಗಿನದು. ಹಾರ್ಬರ್ ಲೈನಿನ ಗರ್ದಿಯಲ್ಲಿ ಸಂಜೆ ನಿಂತವರಲ್ಲಿ ಯಾರಿಗೆ ರೋಜಾ ಇದೆ, ಯಾರಿಗೆ ಇಲ್ಲ ಎಂದು ಯಾರು ಹೇಳಬಲ್ಲರು? "ಉಪವಾಸ ನನಗಾಗಿ, ಅದರ ಪ್ರತಿಫಲ ನಾನೇ ಕೊಡುತ್ತೇನೆ" ಎಂದು ಅಲ್ಲಾಹನು ಹೇಳಿದ್ದಾಗಿ ಹದೀಸ್ ಇದೆ.

ಇನ್ನು ಭಯದ ಮಾತು. ಎಂಟನೇ ಶತಮಾನದಲ್ಲಿ ಫುದೈಲ್ ಇಬ್ನ್ ಇಯಾದ್ ಎಂಬ ಸಂತರಿದ್ದರು. ಅವರು ಹೇಳಿದ್ದು ಹೀಗೆ: ಜನರಿಗಾಗಿ ಒಂದು ಸತ್ಕಾರ್ಯ ಮಾಡುವುದು ಶಿರ್ಕ್ (ಅಲ್ಲಾಹನಿಗೆ ಪಾಲುದಾರರನ್ನು ಸೇರಿಸುವುದು), ಜನರಿಗಾಗಿ ಅದನ್ನು ಬಿಡುವುದು ರಿಯಾ (ತೋರಿಕೆ), ಇವೆರಡರಿಂದಲೂ ಅಲ್ಲಾಹನು ನಿನ್ನನ್ನು ಪಾರುಮಾಡಿದರೆ ಅದು ಇಖ್ಲಾಸ್ (ಶುದ್ಧ ಉದ್ದೇಶ). "ತೋರಿಕೆ ಎಂದಾರು" ಎಂದು ಹೆದರಿ ನಮಾಜ್ ಬಿಟ್ಟವನೂ ಜನರ ಕಣ್ಣನ್ನೇ ನೋಡುತ್ತಿದ್ದಾನೆ. ಇದನ್ನು ನಾನು ಮೊದಲ ಸಲ ಓದಿದಾಗ ನನ್ನ ಎಷ್ಟೋ ಗೊಂದಲ ತಿಳಿಯಾಯಿತು.

ಇಮಾಂ ಗಝ್ಝಾಲಿ 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದರಸದ ದೊಡ್ಡ ಪದವಿ ಬಿಟ್ಟು ಹೊರಟದ್ದೂ ಇದೇ ಕಾರಣಕ್ಕೆ. ಪಾಠ ಹೇಳುವುದರಲ್ಲಿ ತನ್ನ ಉದ್ದೇಶ ಅಲ್ಲಾಹನ ಮೆಚ್ಚುಗೆಯೋ, ಕೀರ್ತಿಯೋ ಎಂದು ತನ್ನೊಳಗೆ ಹುಡುಕಿದಾಗ ಕೀರ್ತಿಯೇ ಕಂಡಿತು ಎಂದು ಅವರೇ ಬರೆದುಕೊಂಡಿದ್ದಾರೆ. ಊರಿನವರ ಮನಸ್ಸನ್ನು ಅವರು ಕೆದಕಲಿಲ್ಲ, ತನ್ನದನ್ನೇ ಕೆದಕಿದರು. ಈ ಚರ್ಚೆಯಲ್ಲಿ ನಾವು ಮರೆಯಬಾರದ್ದು ಇದು. ರಿಯಾ ಎಂಬ ರೋಗದ ಬಗ್ಗೆ ಇರುವ ಎಲ್ಲ ಎಚ್ಚರಿಕೆಗಳೂ ನನ್ನನ್ನು ನಾನು ಪರೀಕ್ಷಿಸಿಕೊಳ್ಳಲು. ಪಕ್ಕದವನ ಮೇಲೆ ಅದನ್ನು ಹೊರಿಸುವ ಹಕ್ಕು ಯಾರಿಗೂ ಇಲ್ಲ.

ಸಾಯನ್_ನರ್ಸ್

ಕೊನೆಯ ಮಾತಿಗೆ ಧನ್ಯವಾದ ಸರ್. ನಾನು ಬುರ್ಖಾ ತೊಡುತ್ತೇನೆ, ಆಸ್ಪತ್ರೆಯಲ್ಲಿ ಯೂನಿಫಾರ್ಮ್ ಮೇಲೆ ಸ್ಕಾರ್ಫ್. ಮನೆಯಲ್ಲಿ ಯಾರೂ ಹೇಳಿದ್ದಲ್ಲ. ನಮ್ಮಮ್ಮ ಇವತ್ತಿಗೂ ಸೀರೆಯ ಸೆರಗು ತಲೆ ಮೇಲೆ ಹೊದೆಯುತ್ತಾರೆ, ಅಷ್ಟೇ. ಹೀಗೆ ತೊಟ್ಟದ್ದಕ್ಕೆ ನನಗೆ ಎರಡೂ ಕಡೆಯಿಂದ ಮಾತು. ಕೆಲಸದ ಕಡೆ "ಪಾಪ, ಮನೆಯವರ ಒತ್ತಾಯ ಇರಬೇಕು" ಎನ್ನುತ್ತಾರೆ. ನಮ್ಮವರಲ್ಲೇ ಕೆಲವರು "ಹೊರಗೆ ಮಾತ್ರ ಪರದೆ, ಒಳಗೆ ಏನಿದೆಯೋ" ಎನ್ನುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬರುವ ಹುಡುಗಿಯ ಬಗ್ಗೆ ಇಂಥ ಮಾತು ಎಷ್ಟು ಸುಲಭವಾಗಿ ಬರುತ್ತದೆ ಗೊತ್ತಾ?

ಪ್ರವಾದಿಯವರ (ಸ) ಸಂಗಾತಿ ಉಸಾಮಾ (ರ) ಅವರ ಘಟನೆ ನನಗೆ ಬಹಳ ಧೈರ್ಯ ಕೊಡುತ್ತದೆ. ಯುದ್ಧದಲ್ಲಿ ಎದುರಾಳಿಯೊಬ್ಬ ಕಲಿಮಾ (ಇಸ್ಲಾಮಿನ ನಂಬಿಕೆಯ ವಾಕ್ಯ) ಹೇಳಿದ. ಪ್ರಾಣಭಯಕ್ಕೆ ಹೇಳಿದ್ದು ಎಂದು ತಿಳಿದು ಉಸಾಮಾ ಅವನನ್ನು ಕೊಂದರು. ಪ್ರವಾದಿಯವರು (ಸ) ಕೇಳಿದರು, ನೀನು ಅವನ ಹೃದಯವನ್ನು ಸೀಳಿ ನೋಡಿದೆಯಾ? ಮತ್ತೆ ಮತ್ತೆ ಕೇಳಿದರು. ತನ್ನನ್ನು ಕೊಲ್ಲಲು ಬಂದವನ ಮಾತನ್ನೇ ನಂಬಬೇಕಾದರೆ, ನನ್ನ ತಲೆಯ ಮೇಲಿನ ಬಟ್ಟೆಯನ್ನು ನಂಬಲು ಜನರಿಗೆ ಏನು ಕಷ್ಟ?

ಕಾಕಾ, ಮುಂಬ್ರಾದ ಹುಡುಗನ ಗಡ್ಡ ನೋಡಿ ಒಪ್ಪಬೇಡಿ. ಅದೇ ಗಡ್ಡ ನೋಡಿ ಅನುಮಾನವನ್ನೂ ಪಡಬೇಡಿ.

ಮೀರಾರೋಡ್_ಭಾಯ್

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಅದನ್ನೇ ಹೇಳ್ತಾ ಇರೋದು. ಯಾರೋ ಒಬ್ಬ ಗಡ್ಡದವನು ಮೋಸ ಮಾಡಿದ್ರೆ ಗಡ್ಡದವರೆಲ್ಲ ಕಳ್ಳರು ಅನ್ನೋ ಮಾತು ಶುರುವಾಗತ್ತೆ.

ಕೊಂಢ್ವಾ_ಪುಣೆ

ಆ ಮಾತು ಶುರುವಾಗೋದಕ್ಕೆ ಕಾರಣ ಇದೆ ಭಾಯ್. 2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಮುಳುಗಿದ ಐಎಂಎ ಹೂಡಿಕೆ ಕಂಪನಿಯ ಕಚೇರಿ ಮುಂದೆ ಸೇರಿದ ಜನರನ್ನ ಟಿವಿಯಲ್ಲಿ ನೋಡಿದ್ದೀವಿ. ಹಲಾಲ್ ಹೂಡಿಕೆ ಅಂತ ನಂಬಿ ಮಗಳ ಮದುವೆ ದುಡ್ಡು, ನಿವೃತ್ತಿ ದುಡ್ಡು ಇಟ್ಟವರು ಸಾವಿರಾರು ಜನ. ಲಾಭ ಎಲ್ಲಿಂದ ಬರ್ತದೆ, ಲೆಕ್ಕ ಎಲ್ಲಿದೆ ಅಂತ ಕೇಳೋದು ಬಿಟ್ಟು, ದೀನ್ ಹೆಸರು ಇದೆಯಲ್ಲ ಅಂತ ಕೊಟ್ಟರು. ಲೆಕ್ಕ ಕೇಳಿದ್ರೆ ಬದ್‌ಗುಮಾನಿ ಅಂದುಕೊಂಡರು. ಲೆಕ್ಕ ಕೇಳೋದು ಅನುಮಾನ ಪಡೋದಲ್ಲ. ಸಾಲ ಕೊಡುವಾಗ ಬರೆದಿಟ್ಟುಕೊಳ್ಳಿ, ಸಾಕ್ಷಿ ಇಟ್ಟುಕೊಳ್ಳಿ ಅಂತ ಹೇಳುವ ಎರಡನೇ ಸೂರಾದ 282ನೇ ಆಯತ್ ಇಡೀ ಕುರ್‌ಆನಿನಲ್ಲೇ ಅತಿ ಉದ್ದದ್ದು. ಮದುವೆ ವಿಚಾರಣೆಯೂ ಹಾಗೇ ಅಲ್ವಾ?

ಗದಗ_ಕುರ್ಲಾ

ಎಲ್ಲಾರದೂ ಓದಾಕತ್ತೀನಿ. ಹಣಿ ಮ್ಯಾಲಿನ ಗುರ್ತಿನ ಬಗ್ಗೆ ಯಾರಾದ್ರೂ ಹೇಳ್ರಿ. ಅದು ಕುರ್‌ಆನಿನ್ಯಾಗ ಐತಿ ಅಂತ ನಮ್ಮಣ್ಣ ವಾದಾ ಮಾಡ್ತಾನ.

ಉಳ್ಳಾಲ_ಜೋಗೇಶ್ವರಿ

48ನೇ ಸೂರಾದ ಕೊನೆಯ ಆಯತಿನಲ್ಲಿ "ಅವರ ಮುಖಗಳಲ್ಲಿ ಸುಜೂದಿನ (ನಮಾಜಿನಲ್ಲಿ ಹಣೆ ನೆಲಕ್ಕೆ ಊರುವುದರ) ಗುರುತು" ಎಂದಿದೆ, ನಿಜ. ಇಬ್ನ್ ಕಸೀರರ ತಫ್ಸೀರಿನಲ್ಲಿ (ಕುರ್‌ಆನ್ ವ್ಯಾಖ್ಯಾನದಲ್ಲಿ) ಇದರ ಬಗ್ಗೆ ಒಂದು ಸಂಭಾಷಣೆ ಇದೆ. ಹಿಂದಿನ ಕಾಲದ ದೊಡ್ಡ ವ್ಯಾಖ್ಯಾನಕಾರ ಮುಜಾಹಿದ್, ಅದು ವಿನಯ ಎಂದರು. ಮನ್ಸೂರ್ ಎಂಬ ಶಿಷ್ಯ, ಹಣೆಯ ಮೇಲಿನ ಗುರುತೆಂದು ನಾನು ತಿಳಿದಿದ್ದೆ ಎಂದ. ಅದಕ್ಕೆ ಮುಜಾಹಿದ್, ಈಜಿಪ್ಟಿನ ಕ್ರೂರ ದೊರೆ ಫಿರ್ಔನನಿಗಿಂತ ಕಲ್ಲುಮನಸ್ಸಿನವನ ಹುಬ್ಬುಗಳ ನಡುವೆಯೂ ಅಂಥದು ಇರಬಹುದು ಎಂದರು. ಹಾಗೆಂದು ಗುರುತಿದ್ದವರನ್ನು ಕೀಳಾಗಿ ಕಾಣಬಾರದು. ಒರಟು ಚಾಪೆಯ ಮೇಲೆ ವರ್ಷಾನುಗಟ್ಟಲೆ ಹಣೆ ಊರಿದರೆ ಕೆಲವರ ಚರ್ಮ ತಾನಾಗಿ ಕಪ್ಪಾಗುತ್ತದೆ, ಕೆಲವರದ್ದು ಆಗುವುದೇ ಇಲ್ಲ.

ಗೋವಂಡಿ_ಕಲಬುರ್ಗಿ

ನಾನೂ ಒಂದ್ ಮಾತ್ ಹೇಳ್ತೀನ್ರಿ. ಗಂಡ ತೀರಿಹೋದ್ಮ್ಯಾಲ ಮನಿಗೆಲಸಾ ಮಾಡಿ ಮಕ್ಕಳ್ನ ಸಾಕ್ತಿದ್ದೀನಿ. ರಮಜಾನ್‌ದಾಗ ರೇಷನ್ ಕಿಟ್ ಕೊಡಾಕ ಬರ್ತಾರ. ಅಕ್ಕಿ, ಬ್ಯಾಳಿ, ಎಣ್ಣಿ, ಖರ್ಜೂರ. ಕೊಟ್ಟವರಿಗೆ ಅಲ್ಲಾ ಒಳ್ಳೇದ್ ಮಾಡ್ಲಿ, ಆ ಕಿಟ್ಟಿಲೆ ನಮ್ಮನಿ ಒಲಿ ಹತ್ತೇತಿ. ಆದ್ರ ಕೊಡೂ ಮೊದಲ ಸಾಲಾಗಿ ನಿಲ್ಲಸ್ತಾರ, ಬ್ಯಾನರ್ ಹಿಡಸ್ತಾರ, ಫೋಟೋ ಹೊಡೀತಾರ. ಒಂದ್ ವರ್ಷ ಆ ಫೋಟೋ ವಾಟ್ಸಾಪ್‌ನ್ಯಾಗ ತಿರಗಿ ತಿರಗಿ ನನ್ನ ಮಗಳ ಶಾಲಿ ಗೆಳತೇರ ಕೈಗೆ ಬಂತು. ಮರುದಿನದಿಂದ ಆಕಿ ಶಾಲಿಗೆ ಹೋಗಂಗಿಲ್ಲ ಅಂತ ಕುಂತ್ಲು. ಆಕೀನ ಮತ್ತ ಶಾಲಿಗೆ ಕಳಸೂದು ನನಗ ಭಾಳ ತ್ರಾಸ ಆತ್ರಿ.

ಮುಂದಿನ ಸಲ ಫೋಟೋ ಬ್ಯಾಡ ಅಂದೆ. "ದಾನಿಗಳಿಗೆ ತೋರಸ್ಬೇಕು ಆಪಾ" ಅಂದ್ರು. ನಾನು ಕಿಟ್ ತಗೋಳ್ಳಿಲ್ಲ.

ಸಾಯನ್_ನರ್ಸ್

ಆಪಾ, ನಿಮ್ಮ ಮಗಳಿಗೆ ನನ್ನ ಸಲಾಂ ಹೇಳಿ. ಅವಳು ತಲೆ ತಗ್ಗಿಸುವಂಥದ್ದು ಏನೂ ಮಾಡಿಲ್ಲ.

ಉಳ್ಳಾಲ_ಜೋಗೇಶ್ವರಿ

ಸಹೋದರಿ, ನೀವು ಬರೆದದ್ದು ನಮ್ಮ ಮಸೀದಿಗಳಲ್ಲಿ ಜುಮಾ ದಿನ ಓದಿ ಹೇಳಬೇಕಾದದ್ದು. ಎರಡನೇ ಸೂರಾದ 264ನೇ ಆಯತ್, ಉಪಕಾರ ಎತ್ತಿ ಆಡಿ, ನೋಯಿಸಿ ನಿಮ್ಮ ದಾನಗಳನ್ನು ವ್ಯರ್ಥ ಮಾಡಿಕೊಳ್ಳಬೇಡಿ ಎನ್ನುತ್ತದೆ. ಜನರಿಗೆ ತೋರಿಸಲೆಂದು ಕೊಡುವವನನ್ನು ಅದೇ ಆಯತ್ ನುಣುಪಾದ ಬಂಡೆಗೆ ಹೋಲಿಸುತ್ತದೆ: ಬಂಡೆಯ ಮೇಲೆ ತೆಳುವಾದ ಮಣ್ಣು, ಜೋರು ಮಳೆ ಬಂದು ತೊಳೆದುಹೋಗಿ ಬರೀ ಕಲ್ಲು ಉಳಿಯುತ್ತದೆ. ಸ್ವಲ್ಪ ಮುಂದೆ 271ರಲ್ಲಿ, ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಮುಟ್ಟಿಸಿದರೆ ಅದು ಹೆಚ್ಚು ಒಳ್ಳೆಯದು ಎಂದಿದೆ. ಸಂಸ್ಥೆಗೆ ಲೆಕ್ಕ ಬೇಕಾದರೆ ಅಕ್ಕಿಯ ಬಿಲ್ಲು ಸಾಕು, ಸಹಿಯ ಪುಸ್ತಕ ಸಾಕು. ಚೀಲಗಳ ರಾಶಿಯ ಫೋಟೋ ಹಾಕಲಿ, ಬೇಡ ಎನ್ನುವುದಿಲ್ಲ. ತೆಗೆದುಕೊಳ್ಳುವವರ ಮುಖ ಯಾತಕ್ಕೆ ಬೇಕು?

ಪ್ರವಾದಿಯವರ (ಸ) ಮೊಮ್ಮಗ ಹುಸೈನರ (ರ) ಮಗ ಝೈನುಲ್ ಆಬಿದೀನರು ರಾತ್ರಿ ಹೊತ್ತು ಹಿಟ್ಟಿನ ಮೂಟೆ ಹೊತ್ತು ಮದೀನಾದ ಬಡವರ ಮನೆಗಳಿಗೆ ಹೋಗಿ ಕೊಡುತ್ತಿದ್ದರಂತೆ. ತಂದವರು ಯಾರೆಂದು ತಿಂದವರಿಗೂ ಗೊತ್ತಿರಲಿಲ್ಲ. ಅವರು ತೀರಿಕೊಂಡು ಮಯ್ಯಿತ್‌ಗೆ (ಶವಕ್ಕೆ) ಸ್ನಾನ ಮಾಡಿಸುವಾಗ ಬೆನ್ನ ಮೇಲೆ ಮೂಟೆ ಹೊತ್ತ ಕಲೆಗಳು ಕಂಡವು, ರಾತ್ರಿಯ ಹಿಟ್ಟೂ ನಿಂತುಹೋಯಿತು ಎಂದು ಚರಿತ್ರೆಕಾರರು ಬರೆದಿದ್ದಾರೆ. ಮೈಮೇಲಿನ ಗುರುತಿನ ಮಾತು ಬಂದರೆ ನನಗೆ ನೆನಪಾಗುವುದು ಈ ಬೆನ್ನು.

ಮಾಹಿಂ_ರಾತ್ರಿಶಾಲೆ

ನಾನು ಹಳಬ. ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ದುಡಿದು, ಕೋಟೆ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಓದಿದವ. ಮನೆ ಮಾಹಿಂ ದರ್ಗಾದ ಹತ್ತಿರವೇ. ಅಲ್ಲಿರುವ ಮಖ್ದೂಮ್ ಅಲಿ ಮಾಹಿಮಿ (1372–1431) ಸಣ್ಣ ಮನುಷ್ಯರೇನಲ್ಲ. ಕುರ್‌ಆನಿಗೆ ಅರಬ್ಬಿಯಲ್ಲಿ ಭಾಷ್ಯ ಬರೆದ ವಿದ್ವಾಂಸರು. ಡಿಸೆಂಬರಿನ ಉರೂಸಿಗೆ ಮುಂಬಯಿ ಪೊಲೀಸರೇ ಸಂದಲ್ (ಗಂಧ) ತರುತ್ತಾರೆ. ಆದರೆ ನಮ್ಮ ಗಲ್ಲಿಯ ಮಕ್ಕಳಿಗೆ ಅವರ ಬಗ್ಗೆ ಗೊತ್ತಿರುವ ಕಥೆ ಒಂದೇ. ರಾತ್ರಿ ತಾಯಿ ನೀರು ಕೇಳಿದರು. ಮಗ ತರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ, ಎದ್ದಾಗ ನೀರಿಲ್ಲದೆ ಹೋದೀತೆಂದು, ಬೆಳಗಿನವರೆಗೆ ನೀರು ಹಿಡಿದು ಹಾಸಿಗೆಯ ಬಳಿ ನಿಂತೇ ಇದ್ದರು. ನೋಡಲು ಯಾರೂ ಇರಲಿಲ್ಲ, ತಾಯಿಯೂ ನಿದ್ದೆಯಲ್ಲಿದ್ದರು.

ಗದಗದವರೇ, ಹುಡುಗರ ತಾಯಂದಿರನ್ನು ನಿಮ್ಮ ಮನೆಯವರು ಒಂಟಿಯಾಗಿ ಮಾತಾಡಿಸಲಿ. ಮಗನ ಬಗ್ಗೆ ಹೊಗಳಿಕೆ ಕೇಳುವುದು ಬೇಡ. ಕಳೆದ ಸಲ ಜ್ವರ ಬಂದಾಗ ಯಾರು ನೋಡಿಕೊಂಡರು ಎಂದು ಕೇಳಲಿ.

ಮೀರಾರೋಡ್_ಭಾಯ್

ಇಷ್ಟೆಲ್ಲ ಓದಿದ ಮೇಲೂ ನನ್ನ ಒಂದು ಆತಂಕ ಹಾಗೇ ಇದೆ. ನಾಳೆ ನಮ್ಮ ಹುಡುಗರು ಇದನ್ನ ಓದಿ "ನಮಾಜ್ ಮಾಡದಿದ್ರೂ ಪರವಾಗಿಲ್ಲ, ಒಳ್ಳೆಯವನಾಗಿದ್ರೆ ಸಾಕು" ಅಂದುಕೊಳ್ಳಬಾರದು. ನಮಾಜ್ ಜನರಿಗಲ್ಲ, ಅಲ್ಲಾಹನಿಗೆ ಕೊಡಬೇಕಾದ ಹಖ್. ಗೋವಂಡಿ ಹುಡುಗ ನಿಜವಾಗಿ ಶುಕ್ರವಾರ ಮಾತ್ರ ನಮಾಜ್ ಮಾಡೋನಾದ್ರೆ ಅದು ಸಣ್ಣ ವಿಷಯ ಅಲ್ಲ.

ಉಳ್ಳಾಲ_ಜೋಗೇಶ್ವರಿ

ಸಣ್ಣ ವಿಷಯವಲ್ಲ, ಖಂಡಿತ. ಅಲ್ಲಾಹನು ನಿಮ್ಮ ರೂಪವನ್ನೂ ಸಂಪತ್ತನ್ನೂ ನೋಡುವುದಿಲ್ಲ, ನಿಮ್ಮ ಹೃದಯಗಳನ್ನೂ ಕರ್ಮಗಳನ್ನೂ ನೋಡುತ್ತಾನೆ ಎಂಬ ಸ್ವಹೀಹ್ ಮುಸ್ಲಿಂ ಸಂಗ್ರಹದ ಹದೀಸಿನಲ್ಲಿ ಹೃದಯದ ಜೊತೆಗೇ ಕರ್ಮವೂ ಇದೆ. ಅದರ ಅರ್ಧವನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಇನ್ನೊಂದು ಕಡೆಗೆ, ದಿವಾಳಿಯಾದವನ ಹದೀಸನ್ನೂ ಮರೆಯುವ ಹಾಗಿಲ್ಲ. ದಿವಾಳಿ ಯಾರು ಎಂದು ಪ್ರವಾದಿಯವರು (ಸ) ಕೇಳಿದಾಗ, ಹಣ-ಸಾಮಾನು ಇಲ್ಲದವನು ಎಂದರು ಸಂಗಾತಿಗಳು. ಅಲ್ಲ, ನಮಾಜ್, ರೋಜಾ, ಝಕಾತ್ ಎಲ್ಲ ಹೊತ್ತುಕೊಂಡು ಬಂದು, ಜೊತೆಗೆ ಒಬ್ಬನನ್ನು ಬೈದು, ಒಬ್ಬನ ಮೇಲೆ ಅಪವಾದ ಹೊರಿಸಿ, ಒಬ್ಬನ ಸೊತ್ತು ತಿಂದು, ಒಬ್ಬನಿಗೆ ಹೊಡೆದು ಬಂದವನು ಎಂದರು. ಅವನ ಪುಣ್ಯವೆಲ್ಲ ಆ ಜನರಿಗೆ ಹಂಚಿಹೋಗುತ್ತದೆ, ಸಾಲದೆ ಬಂದರೆ ಅವರ ಪಾಪ ಇವನ ತಲೆಗೆ. ಅಲ್ಲಾಹನ ಹಖ್ ತಪ್ಪಿದವನು ಅಲ್ಲಾಹನಲ್ಲೇ ಕ್ಷಮೆ ಕೇಳಬಹುದು, ಆ ಬಾಗಿಲು ದೊಡ್ಡದು. ಜನರ ಹಖ್ ತಿಂದವನು ಆ ಜನರ ಬಳಿಗೇ ಹೋಗಬೇಕು.

ಗೋವಂಡಿ ಹುಡುಗ ಶುಕ್ರವಾರ ಮಾತ್ರ ಕಾಣುತ್ತಾನೆ ಎಂದವರು ಯಾರು, ಅದನ್ನೂ ವಿಚಾರಿಸಿ. ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇರುವವನು ನಿಮ್ಮ ಮೊಹಲ್ಲಾದ ಮಸೀದಿಯಲ್ಲಿ ಹೇಗೆ ಕಂಡಾನು? ಅವನನ್ನೇ ನೇರವಾಗಿ ಕೇಳಿ. ಮದುವೆಯ ಮಾತಿನಲ್ಲಿ ಹಾಗೆ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಗದಗ_ಕುರ್ಲಾ

ಭಾಳ ಉಪಕಾರ ಆತ್ರಿ ಎಲ್ಲಾರದೂ. ಮಗಳಿಗೂ ಓದಿ ಹೇಳಿದೆ. ಅಣ್ಣಗೂ ಹೇಳೀನಿ, ಆತ ಇನ್ನೂ ಮುಖಾ ಬಿಗದಕೊಂಡ ಅದಾನ.

ಮುಂಬ್ರಾದ ಹುಡುಗನ ಕಾರ್ಖಾನ್ಯಾಗ ಹೊಲಿಯೂ ಹುಡುಗರು ನನಗ ಗುರ್ತಿನವರು, ನಮ್ಮ ಧಂದೆದವರ. ಅವರಿಗೆ ಪಗಾರ ಹೆಂಗ ಕೊಡ್ತಾನ, ಹಬ್ಬಕ್ಕ ಊರಿಗೆ ಹೋಗಾಕ ರಜಾ ಕೊಡ್ತಾನೋ ಇಲ್ಲೋ ಕೇಳ್ತೀನಿ. ಗೋವಂಡಿ ಹುಡುಗನ ಹಳೇ ಬಾಡಿಗಿ ಮನಿ ಮಾಲಕರನ್ನ, ಆಫೀಸಿನ ಡ್ರೈವರ್ ಮಂದೀನ ಕಾಣ್ತೀನಿ. ನಮಾಜಿನ ಮಾತು ಇಬ್ಬರನ್ನೂ ಎದುರ ಕುಂಡ್ರಿಸಿಕೊಂಡ ಕೇಳ್ತೀನಿ. ಎರಡೂ ಮನಿ ಹೆಣ್ಣುಮಕ್ಕಳ ಪಾಲಿನ ವಿಷಯ ನಮ್ಮಾಕಿ ವಿಚಾರಸ್ತಾಳ. ಅವರೂ ನಮ್ಮನ್ನ ಕೇಳಿದ್ರ ಕೇಳ್ಲಿ. ನಮ್ಮಪ್ಪ ಇರೂದರಾಗನ ನಮ್ಮ ಅಕ್ಕ-ತಂಗೇರಿಗೆ ಕೊಡೂದು ಕೊಟ್ಟಾನ, ಕಾಗದ ಅದಾವ.

ಮಹರ್ ಎಷ್ಟು, ಹೆಂಗ ಬರಸಬೇಕು, ಅದೊಂದು ಯಾರಾದ್ರೂ ಹೇಳ್ರಿ.

ಮುಂಬ್ರಾ_ಇಳಕಲ್

ನಾ ಹೇಳ್ತೀನಿ ಕಾಕಾ. ಎಷ್ಟು ಅನ್ನೂದನ್ನ ಮಗಳನ್ನ ಕೇಳಿ ಇಡ್ರಿ, ಅದು ಆಕಿ ಹಖ್. ನಿಖಾಹ್ ಹೊತ್ತಿಗೇನ ಕೈಗೆ ಕೊಡೂದು ಎಷ್ಟು, ಆಮ್ಯಾಲ ಕೊಡೂದು ಎಷ್ಟು ಅಂತ ನಿಖಾಹ್‌ನಾಮಾದಾಗ (ಮದುವಿ ಕರಾರು ಪತ್ರದಾಗ) ಬ್ಯಾರೆ ಬ್ಯಾರೆ ಬರಸ್ರಿ. ಆಗೋದಾದ್ರ ಪೂರಾ ಅವತ್ತ ಕೊಡಸ್ರಿ, ಉಳಿದದ್ದು ಉಳಿದ ಹೋಗ್ತದ. ರೊಕ್ಕ ಆಕಿ ಹೆಸರಿನ ಬ್ಯಾಂಕ್ ಖಾತೆಗೆ ಹೋಗ್ಲಿ, ಮಾವನ ಕೈಗೂ ಬ್ಯಾಡ, ನಿಮ್ಮ ಕೈಗೂ ಬ್ಯಾಡ. ನಿಖಾಹ್‌ನಾಮಾದ ಒಂದ್ ಪ್ರತಿ ಆಕಿ ಹಂತೇಕನ ಇರ್ಲಿ, ನನ್ನ ಹತ್ರ ಇರಲಿಲ್ಲ.

ಇಬ್ಬರು ಹುಡುಗರನ್ನೂ ಆಕಿ ಕೂಡ ನಿಮ್ಮ ಮನ್ಯಾಗ, ನಿಮ್ಮೆದುರ ಮಾತಾಡಸ್ರಿ. ಮದುವಿಗೆ ಮೊದಲ ನೋಡಿಕೊಳ್ರಿ ಅಂತ ಪ್ರವಾದಿಯವರ (ಸ) ಹೇಳ್ಯಾರ, ಹುಡುಗಿ ಒಪ್ಪಿಗಿ ಕೇಳದ ಮದುವಿ ಮಾಡಬ್ಯಾಡ್ರಿ ಅಂತನೂ ಹೇಳ್ಯಾರ. ಗಾಡಿ, ಫ್ರಿಜ್ ಮಾತು ಬಂತಂದ್ರ ಚಹಾ ಕುಡಿಸಿ ಕಳಿಸ್ಬಿಡ್ರಿ.